ಪಾಲಿಸದ ಕಾನೂನಿಗೆ ಸೋಲಿನ ಹಣೆಪಟ್ಟಿ

ಹದಿನೆಂಟು ತುಂಬದ ಹುಡುಗನೊಬ್ಬ ಘೋರ ಕೃತ್ಯದಲ್ಲಿ ಸಿಕ್ಕಿಬಿದ್ದಾಗಲೆಲ್ಲ ಈ ದೇಶದಲ್ಲಿ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ವಯೋಮಿತಿಯನ್ನು ಇಳಿಸಬೇಕು, ಶಿಕ್ಷೆಯನ್ನು ಬಿಗಿಗೊಳಿಸಬೇಕು, ಮಕ್ಕಳೆಂಬ ರಿಯಾಯಿತಿಯನ್ನು ಹಿಂತೆಗೆದುಕೊಳ್ಳಬೇಕು ಎಂಬ ಬೇಡಿಕೆ ಕೆಲವು ದಿನ ಎಲ್ಲ ವೇದಿಕೆಗಳನ್ನೂ ಆವರಿಸಿ, ಮುಂದಿನ ಘಟನೆಯವರೆಗೆ ತಣ್ಣಗಾಗುತ್ತದೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಅಮಾನುಷ ಕೃತ್ಯದ ನಂತರ ಹೊಮ್ಮಿದ ಆಕ್ರೋಶವು ಮೂರು ವರ್ಷಗಳ ತರುವಾಯ ಶಾಸನದ ರೂಪ ತಾಳಿತು. ಘೋರ ಅಪರಾಧದ ಆರೋಪ ಹೊತ್ತ 16ರಿಂದ 18 ವರ್ಷದೊಳಗಿನವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶವಿತ್ತ 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2016ರ ಜನವರಿ 15ರಂದು ಜಾರಿಗೆ ಬಂದಿತು. ವಯೋಮಿತಿ ಇಳಿಸುವುದು ಸಲ್ಲದೆಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಹೇಳಿದ್ದೂ, 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹಳೆಯ ಮಿತಿಯನ್ನೇ ಎತ್ತಿಹಿಡಿದದ್ದೂ ಆ ಭಾವೋದ್ವೇಗದಲ್ಲಿ ಗೌಣವಾದವು.

ಅಂದಿನಿಂದ ಇಂದಿನವರೆಗೆ ಆ ಕಾಯ್ದೆಯ ಬಗ್ಗೆ ಸಾರ್ವಜನಿಕವಾಗಿ ಆಡಿದ ಮಾತುಗಳೆಲ್ಲ ಬಹುಮಟ್ಟಿಗೆ ಅದರ ಒಂದೇ ಅಧ್ಯಾಯದ ಸುತ್ತ, ಅಂದರೆ ಯಾರನ್ನು ಯಾವಾಗ ವಯಸ್ಕರೆಂದು ಪರಿಗಣಿಸಬೇಕು ಎಂಬುದರ ಸುತ್ತ ಸುತ್ತಿವೆ. ಕಾಯ್ದೆಯ ಉಳಿದ ಭಾಗ, ಅಂದರೆ ತಪ್ಪಿದ ಹುಡುಗನನ್ನು ಅವನ ಮನೆ, ಓಣಿ, ಶಾಲೆ, ದುಡಿಮೆಯ ನಡುವೆಯೇ ಇರಿಸಿಕೊಂಡು ಸರಿದಾರಿಗೆ ತರಬೇಕೆಂಬ ಭಾಗ, ಪುಟಗಳಲ್ಲಿ ಭದ್ರವಾಗಿದೆ, ಊರುಗಳಲ್ಲಿ ಕಾಣುವುದಿಲ್ಲ. ಮೃದುವಾದ ಕಾನೂನಿನಿಂದಲೇ ಬಾಲಾಪರಾಧ ಹೆಚ್ಚುತ್ತಿದೆಯೆಂದು ದೂರುವವರು ಉತ್ತರಿಸಬೇಕಾದ ಪ್ರಶ್ನೆ ಸರಳವಾದುದು. ಆ ಮೃದುತ್ವವನ್ನು ಈ ರಾಜ್ಯವಾಗಲಿ, ಈ ದೇಶವಾಗಲಿ ಯಾವಾಗ, ಎಲ್ಲಿ, ಎಷ್ಟು ಶ್ರದ್ಧೆಯಿಂದ ಆಚರಿಸಿ ನೋಡಿದೆ? ಆಚರಿಸದ ವಿಧಾನವೊಂದು ಸೋತಿತೆಂದು ಘೋಷಿಸುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ಕಾಯ್ದೆಯ ಆಶಯದಲ್ಲಿ ಯಾವ ಅಸ್ಪಷ್ಟತೆಯೂ ಇಲ್ಲ. ಸಂಸ್ಥೆಯೊಳಗೆ ಇರಿಸುವುದು ಕಟ್ಟಕಡೆಯ ಮಾರ್ಗ, ಅದೂ ಸೂಕ್ತ ವಿಚಾರಣೆಯ ನಂತರ ಎಂಬುದು ಮೂರನೆಯ ಸೆಕ್ಷನ್ ಸಾರುವ ಮೂಲತತ್ವಗಳಲ್ಲಿ ಒಂದು. ಜಾಮೀನು ನೀಡುವುದೇ ನಿಯಮ, ನಿರಾಕರಿಸುವುದು ಅಪವಾದ ಎನ್ನುತ್ತದೆ ಹನ್ನೆರಡನೆಯ ಸೆಕ್ಷನ್. ತಪ್ಪು ಸಾಬೀತಾದಾಗ ಬಾಲನ್ಯಾಯ ಮಂಡಳಿ ಹೊರಡಿಸಬಹುದಾದ ಆದೇಶಗಳನ್ನು ಹದಿನೆಂಟನೆಯ ಸೆಕ್ಷನ್ ಒಂದರ ಕೆಳಗೊಂದು ಪಟ್ಟಿ ಮಾಡುತ್ತದೆ. ಬುದ್ಧಿಹೇಳಿ ಆಪ್ತಸಮಾಲೋಚನೆಯೊಂದಿಗೆ ಮನೆಗೆ ಕಳುಹಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ದಂಡ, ಪೋಷಕರ ಅಥವಾ ಯೋಗ್ಯ ವ್ಯಕ್ತಿಯೊಬ್ಬರ ಸುಪರ್ದಿಯಲ್ಲಿ ಗರಿಷ್ಠ ಮೂರು ವರ್ಷಗಳ ಸನ್ನಡತೆಯ ಪರಿವೀಕ್ಷಣೆ, ಯೋಗ್ಯ ಸಂಸ್ಥೆಯೊಂದರ ಹೊಣೆಯಲ್ಲಿ ಅದೇ ಬಗೆಯ ಪರಿವೀಕ್ಷಣೆ, ಇವೆಲ್ಲ ಮುಗಿದ ಮೇಲೆ ವಿಶೇಷ ಗೃಹ. ಇವುಗಳ ಜೊತೆಗೆ ಶಾಲೆಗೆ ಹೋಗು, ವೃತ್ತಿತರಬೇತಿ ಪಡೆ, ಇಂಥ ಜಾಗಕ್ಕೆ ಕಾಲಿಡಬೇಡ, ವ್ಯಸನಮುಕ್ತಿ ಚಿಕಿತ್ಸೆಗೆ ಹಾಜರಾಗು ಎಂದು ಆದೇಶಿಸುವ ಅಧಿಕಾರವೂ ಮಂಡಳಿಗಿದೆ. ಏಳು ಮಾರ್ಗಗಳಲ್ಲಿ ಸರ್ಕಾರದ ಗೋಡೆಗಳೊಳಗೆ ಮುಗಿಯುವಂಥದ್ದು ಕೊನೆಯದೊಂದೇ ಎನ್ನಬಹುದು. ಉಳಿದವುಗಳ ಸಾಫಲ್ಯ ನಿಂತಿರುವುದು ಹೊರಗಿರುವ ಮನುಷ್ಯರ ಮೇಲೆ.

ಈ ವಿಚಾರ ನಿನ್ನೆ ಮೊನ್ನೆಯದೂ ಅಲ್ಲ, ಪರದೇಶದಿಂದ ಅವಸರದಲ್ಲಿ ತಂದದ್ದೂ ಅಲ್ಲ. ಮಂಗಳೂರು, ಬಳ್ಳಾರಿ ಸೀಮೆಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ 1920ರಲ್ಲೂ, ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1924ರಲ್ಲೂ ಮಕ್ಕಳಿಗಾಗಿಯೇ ಪ್ರತ್ಯೇಕ ಕಾಯ್ದೆಗಳು ಬಂದಿದ್ದವು. ಏಕೀಕರಣದ ನಂತರ 1964ರಲ್ಲಿ ಈ ರಾಜ್ಯವೇ ತನ್ನದೊಂದು ಮಕ್ಕಳ ಕಾಯ್ದೆಯನ್ನು ರೂಪಿಸಿಕೊಂಡಿತು. 1986ರಲ್ಲಿ, 2000ದಲ್ಲಿ, 2015ರಲ್ಲಿ ಸಂಸತ್ತು ಮೂರು ಬಾರಿ ಇದೇ ವಿಷಯಕ್ಕೆ ಮರಳಿ, ಮೂರು ಬಾರಿಯೂ ಸುಧಾರಣೆಯೇ ಗುರಿಯೆಂದು ಬರೆಯಿತು. ಸುಮಾರು ನೂರು ವರ್ಷ ಒಂದೇ ತತ್ವವನ್ನು ಮತ್ತೆ ಮತ್ತೆ ಶಾಸನವಾಗಿಸಿದ ಸಮಾಜವು ಅದನ್ನು ನಡೆಸಿಕೊಡಬೇಕಾದ ವ್ಯವಸ್ಥೆಯನ್ನು ಮಾತ್ರ ಪ್ರತಿ ಬಾರಿಯೂ ಮುಂದಕ್ಕೆ ಹಾಕಿದೆ.

ಸಂಖ್ಯೆಯ ನೆಪ ಇಲ್ಲಿ ಸಲ್ಲುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ಹದಿನೆಂಟರೊಳಗಿನವರು ಆರೋಪಿಗಳಾಗಿರುವ ಪ್ರಕರಣಗಳು 2022ರಲ್ಲಿ ದೇಶದಾದ್ಯಂತ 30,555. ಅದೇ ವರ್ಷ ದಾಖಲಾದ ಒಟ್ಟು ಪ್ರಕರಣಗಳು 58 ಲಕ್ಷಕ್ಕೂ ಅಧಿಕ. ನೂರರಲ್ಲಿ ಒಂದರಷ್ಟೂ ಇಲ್ಲದ ಈ ಪಾಲಿನಲ್ಲಿ ಸಿಕ್ಕಿಬಿದ್ದ ಮಕ್ಕಳ ಪೈಕಿ ಮುಕ್ಕಾಲಿಗಿಂತ ಹೆಚ್ಚಿನವರು 16ರಿಂದ 18 ವರ್ಷದವರು. ಹತ್ತನೆಯ ತರಗತಿಯಲ್ಲಿ ಶಾಲೆ ತಪ್ಪುವ, ದುಡಿಮೆ ಇನ್ನೂ ಕೈಗೆಟುಕದ, ಗಾಂಜಾ ಪೊಟ್ಟಣವೂ ಕದ್ದ ಬೈಕೂ ಏರಿಯಾದ ಅಣ್ಣನ ಸ್ನೇಹವೂ ಒಟ್ಟಿಗೆ ಎದುರಾಗುವ ವಯಸ್ಸದು. ಕೋಟಿಗಟ್ಟಲೆ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಆಡಳಿತಕ್ಕೆ, ಪ್ರತಿ ಜಿಲ್ಲೆಯಲ್ಲೂ ಹೆಸರು ಹಿಡಿದು ಗುರುತಿಸಬಹುದಾದಷ್ಟೇ ಇರುವ ಈ ಮಕ್ಕಳನ್ನು ಒಬ್ಬೊಬ್ಬರಾಗಿ ಹಿಂಬಾಲಿಸಿ ನೋಡಿಕೊಳ್ಳುವುದು ಅಸಾಧ್ಯವೆಂದರೆ ನಂಬುವುದು ಕಷ್ಟ.

ಇಡೀ ವ್ಯವಸ್ಥೆಯ ಆಧಾರಸ್ತಂಭ ಪರಿವೀಕ್ಷಣಾಧಿಕಾರಿ. ಮಗು ಸಿಕ್ಕಿಬಿದ್ದ ಸುದ್ದಿ ತಲುಪಿದ ಎರಡು ವಾರಗಳಲ್ಲಿ ಅವರು ಸಾಮಾಜಿಕ ತನಿಖಾ ವರದಿಯನ್ನು ಮಂಡಳಿಗೆ ಸಲ್ಲಿಸಬೇಕು. 2016ರ ಮಾದರಿ ನಿಯಮಗಳ ಆರನೆಯ ನಮೂನೆಯನ್ನು ತೆರೆದು ನೋಡಿದವರಿಗೆ ಆ ಕೆಲಸದ ಗಾಂಭೀರ್ಯ ಅರಿವಾಗುತ್ತದೆ. ಮನೆಯಲ್ಲಿ ಯಾರಿದ್ದಾರೆ, ಅವರ ಪರಸ್ಪರ ಸಂಬಂಧ ಹೇಗಿದೆ, ಹುಡುಗ ಶಾಲೆ ಬಿಟ್ಟದ್ದು ಯಾವಾಗ, ಏಕೆ, ದುಡಿದ ಹಣ ಯಾರ ಕೈ ಸೇರುತ್ತಿತ್ತು, ಚಟಗಳೇನು, ಸ್ನೇಹಿತರು ಯಾವ ವಯಸ್ಸಿನವರು, ಯಾರಾದರೂ ಅವನನ್ನು ಬಳಸಿಕೊಂಡರೇ, ಅವನ ಮೇಲೆ ದೌರ್ಜನ್ಯ ನಡೆದಿತ್ತೇ ಎಂದು ಅಂಕಣದ ನಂತರ ಅಂಕಣ ಕೇಳುತ್ತದೆ. ಸಾವಧಾನದಿಂದ ತುಂಬಿದರೆ ಅದು ಒಂದು ಬಾಳಿನ ಪೂರ್ಣ ಚಿತ್ರ. ಅದರ ಆಧಾರದ ಮೇಲೆಯೇ ಏಳನೆಯ ನಮೂನೆಯ ವೈಯಕ್ತಿಕ ಆರೈಕೆ ಯೋಜನೆ ಸಿದ್ಧವಾಗಬೇಕು. ಇಡೀ ಜಿಲ್ಲೆಯ ಕಡತಗಳನ್ನು ಹೊತ್ತು, ಮಂಡಳಿಯ ಹಾಜರಿ, ಸಂಸ್ಥೆಗಳ ತಪಾಸಣೆ, ಇಲಾಖೆಯ ಸಭೆಗಳ ನಡುವೆ ಓಡಾಡುವ ಅಧಿಕಾರಿಯ ಕೈಯಲ್ಲಿ ಅದೇ ನಮೂನೆ ‘ಬಡತನ’, ‘ಕೆಟ್ಟ ಸಹವಾಸ’ ಎಂಬ ಎರಡು ಉತ್ತರಗಳಿಗೆ ಕುಗ್ಗಿಹೋಗುವುದರಲ್ಲಿ ಆಶ್ಚರ್ಯವಿಲ್ಲ. ಬಡತನ ಲಕ್ಷಾಂತರ ಮನೆಗಳಲ್ಲಿದೆ. ಈ ಮನೆಯ ಈ ಹುಡುಗ ಮಾತ್ರ ಏಕೆ ಹೀಗಾದ ಎಂಬ ಪ್ರಶ್ನೆಗೆ ಉತ್ತರ ಸಿಗದ ಹೊರತು ಅವನಿಗೆ ಬೇಕಾದುದೇನೆಂದು ಹೇಳಬಲ್ಲವರು ಯಾರೂ ಇಲ್ಲ.

ಈ ಹುದ್ದೆಯನ್ನು ನಾವು ಎಷ್ಟು ಗೌರವಿಸುತ್ತೇವೆ ಎಂಬುದು ನೇಮಕಾತಿಯ ಸ್ವರೂಪದಲ್ಲೇ ವ್ಯಕ್ತವಾಗಿದೆ. ಮಿಷನ್ ವಾತ್ಸಲ್ಯ ಯೋಜನೆಯಡಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ ದುಡಿಯುವ ಬಹುತೇಕರು ಗುತ್ತಿಗೆ ನೌಕರರು. ಮೂರು ವರ್ಷ ಒಬ್ಬ ಹುಡುಗನ ಜೊತೆ ನಿಲ್ಲಬೇಕಾದ ಅಧಿಕಾರಿಗೆ ತನ್ನ ಹುದ್ದೆ ಮುಂದಿನ ವರ್ಷ ಇರುವುದೋ ಇಲ್ಲವೋ ಎಂಬ ಖಾತರಿಯಿಲ್ಲ. ಅಧಿಕಾರಿ ಬದಲಾದಾಗ ಕಡತ ಕೈ ಬದಲಾಯಿಸುತ್ತದೆ. ಬಹಳ ಕಷ್ಟಪಟ್ಟು ಬೆಳೆಸಿದ ನಂಬಿಕೆ ಹಾಗೆ ಕೈ ಬದಲಾಯಿಸುವುದಿಲ್ಲ. ಹದಿನಾರರ ಹುಡುಗ ಅಧಿಕಾರದ ಮುದ್ರೆಗೆ ಬಗ್ಗುವುದು ಅಪರೂಪ. ತನ್ನ ಬಗ್ಗೆ ತಿಳಿದಿರುವ, ತಾನು ಎಡವಿದಾಗಲೂ ಮತ್ತೆ ಬಂದು ಕೇಳುವ ಒಬ್ಬ ವ್ಯಕ್ತಿಗೆ ಆತ ಬಗ್ಗಿಯಾನು. ಆ ಒಬ್ಬ ವ್ಯಕ್ತಿಯನ್ನು ಒದಗಿಸುವುದೇ ಪರಿವೀಕ್ಷಣೆಯ ತಿರುಳು.

ವಿಳಂಬವು ಮಗುವಿಗೆ ಮಾಡುವ ಹಾನಿ ವಯಸ್ಕನಿಗೆ ಮಾಡುವ ಹಾನಿಯಂಥದ್ದಲ್ಲ. ವಿಚಾರಣೆಯನ್ನು ನಾಲ್ಕು ತಿಂಗಳಲ್ಲಿ ಮುಗಿಸಬೇಕು, ಅಗತ್ಯವಿದ್ದರೆ ಇನ್ನೆರಡು ತಿಂಗಳು ವಿಸ್ತರಿಸಬಹುದು, ಸಣ್ಣ ಅಪರಾಧಗಳಲ್ಲಿ ಆ ಅವಧಿಯೂ ಮೀರಿದರೆ ಪ್ರಕರಣವೇ ಕೊನೆಗೊಳ್ಳಬೇಕು ಎನ್ನುತ್ತದೆ ಕಾಯ್ದೆ. ಮಂಡಳಿಗಳ ಹಾಗೂ ಮಕ್ಕಳ ಹಕ್ಕು ಆಯೋಗಗಳ ಖಾಲಿ ಹುದ್ದೆಗಳನ್ನು ತುಂಬಬೇಕೆಂದು 2018ರ ಫೆಬ್ರುವರಿಯಲ್ಲಿ ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿ, ಅನುಷ್ಠಾನದ ಮೇಲೆ ನಿಗಾ ಇರಿಸುವಂತೆ ಹೈಕೋರ್ಟ್‌ಗಳನ್ನು ಕೋರಿತು. ಆದರೂ 362 ಮಂಡಳಿಗಳ ಮಾಹಿತಿಯನ್ನು ಕಲೆಹಾಕಿ 2025ರಲ್ಲಿ ಇಂಡಿಯಾ ಜಸ್ಟೀಸ್ ರಿಪೋರ್ಟ್ ಪ್ರಕಟಿಸಿದ ಅಧ್ಯಯನದಂತೆ, 2023ರ ಅಕ್ಟೋಬರ್ ಅಂತ್ಯಕ್ಕೆ ಅವುಗಳ ಮುಂದಿದ್ದ ಪ್ರಕರಣಗಳಲ್ಲಿ ಶೇ 55ರಷ್ಟು ಇತ್ಯರ್ಥವಾಗದೆ ಉಳಿದಿದ್ದವು. ಹದಿನಾರನೆಯ ವಯಸ್ಸಿನಲ್ಲಿ ಮೊಬೈಲ್ ಕಸಿದ ಹುಡುಗನಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಗುವ ಬುದ್ಧಿಮಾತು ಯಾರಿಗಾಗಿ? ನಡುವಿನ ಮೂರು ವರ್ಷಗಳಲ್ಲಿ ಅವನನ್ನು ರೂಪಿಸಿದ್ದು ಮಂಡಳಿಯಲ್ಲ, ಬೀದಿ. ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ವೀಕ್ಷಣಾಲಯವನ್ನು ಪ್ರತಿ ಜಿಲ್ಲೆಗೊಂದರಂತೆಯೋ ಹಲವು ಜಿಲ್ಲೆಗಳಿಗೆ ಒಂದರಂತೆಯೋ ತೆರೆಯಲು ಕಾನೂನು ಅವಕಾಶ ಕೊಟ್ಟಿರುವುದರಿಂದ, ಪಕ್ಕದ ಜಿಲ್ಲೆಯಲ್ಲಿರುವ ಮಗನನ್ನು ನೋಡಲು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಹೊಂದಿಸಿಕೊಳ್ಳಬೇಕಾದ ತಾಯಂದಿರ ಪಾಡನ್ನು ಯಾವ ಅಂಕಿಅಂಶವೂ ದಾಖಲಿಸುವುದಿಲ್ಲ.

ಬಿಡುಗಡೆಯ ದಿನವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸಹಿಗಳಾಗುತ್ತವೆ, ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ ಸೇರುತ್ತದೆ, ತಾಯಿಯೋ ಅಜ್ಜಿಯೋ ಬಂದು ಕರೆದುಕೊಂಡು ಹೋಗುತ್ತಾರೆ. ಸಂಜೆಯ ಹೊತ್ತಿಗೆ ಆತ ಅದೇ ಓಣಿಯಲ್ಲಿ ಇರುತ್ತಾನೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ಮೊದಲು ಕೆಲಸ ಕೊಟ್ಟಿದ್ದ ಗ್ಯಾರೇಜಿನವನು ಈಗ ಬೇಡವೆನ್ನುತ್ತಾನೆ. ಬೀಟ್ ಪೊಲೀಸರಿಗೆ ಅವನ ಮುಖ ಚಿರಪರಿಚಿತವಾಗಿದೆ, ಹತ್ತಿರದಲ್ಲಿ ಎಲ್ಲಿ ಕಳವಾದರೂ ಮೊದಲು ಕರೆ ಬರುವುದು ಅವನ ಮನೆಗೆ. ಅವನನ್ನು ಯಾವ ಸಂಶಯವೂ ಇಲ್ಲದೆ, ತೋಳು ಚಾಚಿ ಬರಮಾಡಿಕೊಳ್ಳುವವರು ಒಬ್ಬರೇ: ಮೊದಲ ಸಲ ಅವನನ್ನು ಕಳ್ಳತನಕ್ಕೆ ಕಳುಹಿಸಿದವರು. ಸಂಸ್ಥೆಯಿಂದ ಹೊರಬೀಳುವ ಹದಿನೆಂಟು ತುಂಬಿದವರಿಗೆ ಅನುಪಾಲನೆ ಒದಗಿಸಬಹುದೆಂದು ನಲವತ್ತಾರನೆಯ ಸೆಕ್ಷನ್ ಹೇಳುತ್ತದೆ. ಅದು ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭಗಳಲ್ಲಿ ಇಪ್ಪತ್ಮೂರರವರೆಗೆ ದೊರೆಯಬಹುದು. ಮಿಷನ್ ವಾತ್ಸಲ್ಯದಡಿ ಅದಕ್ಕೆ ನಿಗದಿಯಾದ ನೆರವು ತಿಂಗಳಿಗೆ 4,000 ರೂಪಾಯಿ. ಬೆಂಗಳೂರಿನಲ್ಲಿ ಆ ಮೊತ್ತಕ್ಕೆ ಬಾಡಿಗೆಯೂ ಊಟವೂ ಒಟ್ಟಿಗೆ ದಕ್ಕುವುದಿಲ್ಲ; ಅಷ್ಟಾದರೂ ತಮಗೆ ಬರಬೇಕಿದೆಯೆಂದು ಆ ಹುಡುಗರಿಗೆ ತಿಳಿಸಿಹೇಳುವವರೂ ಬೇಕಲ್ಲ.

ಮಕ್ಕಳನ್ನು ಅಪರಾಧಕ್ಕೆ ಬಳಸುವ ವಯಸ್ಕರ ವಿಷಯದಲ್ಲಿ ಈ ಕಾನೂನು ಮೃದುವಾಗಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮದ್ಯ, ಮಾದಕವಸ್ತು ಸಾಗಿಸಲೋ ಮಾರಲೋ ಮಗುವನ್ನು ಬಳಸಿದವರಿಗೆ ಎಪ್ಪತ್ತೆಂಟನೆಯ ಸೆಕ್ಷನ್ ಅಡಿ ಏಳು ವರ್ಷದವರೆಗೆ ಕಠಿಣ ಸಜೆ. ಕಾನೂನುಬಾಹಿರ ಕೃತ್ಯಗಳಿಗೆ ಮಕ್ಕಳನ್ನು ಬಳಸುವ ವಯಸ್ಕರಿಗೂ ಗುಂಪುಗಳಿಗೂ ಎಂಬತ್ಮೂರನೆಯ ಸೆಕ್ಷನ್ ಅಷ್ಟೇ ಅವಧಿಯ ಸಜೆಯೊಂದಿಗೆ 5 ಲಕ್ಷ ರೂಪಾಯಿವರೆಗಿನ ದಂಡವನ್ನೂ ವಿಧಿಸುತ್ತದೆ. ಕದ್ದ ಮೊಬೈಲನ್ನು ಹುಡುಗ ತಾನೇ ಇಟ್ಟುಕೊಳ್ಳುವುದು ಕಡಿಮೆ, ಕೊಳ್ಳುವವನೊಬ್ಬ ಇದ್ದೇ ಇರುತ್ತಾನೆ. ಗಾಂಜಾ ಪೊಟ್ಟಣ ಅವನ ಜೇಬಿನಲ್ಲಿ ತಾನಾಗಿ ಹುಟ್ಟುವುದಿಲ್ಲ, ಕಟ್ಟಿಕೊಟ್ಟವನೊಬ್ಬ ಇರುತ್ತಾನೆ. ಮಗು ಸಿಕ್ಕಿಬಿದ್ದ ಪ್ರತಿ ಪ್ರಕರಣದಲ್ಲೂ ಈ ಎರಡು ಸೆಕ್ಷನ್‌ಗಳತ್ತ ತನಿಖೆ ತಿರುಗಿತೇ ಎಂದು ಕೇಳುವ ಪರಿಪಾಠ ಗೃಹ ಇಲಾಖೆಯಲ್ಲಿ ಬೆಳೆಯಬೇಕಿತ್ತು. ಕೈಗೆ ಸುಲಭವಾಗಿ ಸಿಗುವ ಕಿರಿಯನನ್ನು ಹಿಡಿದು, ಕಳುಹಿಸಿದ ಹಿರಿಯನನ್ನು ಬಿಟ್ಟುಬಿಡುವ ಪೊಲೀಸ್ ಕೆಲಸವು ಕಾಠಿಣ್ಯವೂ ಅಲ್ಲ, ಕರುಣೆಯೂ ಅಲ್ಲ.

ಸಮುದಾಯ ಆಧಾರಿತ ಸುಧಾರಣೆ ಎಂಬ ಮಾತಿಗೇ ಅಪಕೀರ್ತಿ ತಂದದ್ದು 2024ರ ಮೇ ತಿಂಗಳ ಪುಣೆಯ ಪ್ರಕರಣ. ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದನೆನ್ನಲಾದ ಐಷಾರಾಮಿ ಕಾರು ಇಬ್ಬರು ತರುಣ ಎಂಜಿನಿಯರ್‌ಗಳ ಜೀವ ತೆಗೆದಾಗ, 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನೊಂದಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ದೊರೆಯಿತು. ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ವೈದ್ಯರು ಬಂಧನಕ್ಕೊಳಗಾದರು. ಜನರ ಸಿಟ್ಟು ನ್ಯಾಯಯುತವಾಗಿತ್ತು. ಆದರೆ ಆ ಸಿಟ್ಟು ಹೊರಳಿಕೊಂಡ ದಿಕ್ಕು ತಪ್ಪಾಗಿತ್ತು. ಅಂದು ನಗೆಪಾಟಲಾದದ್ದು ಪರಿವೀಕ್ಷಣೆಯ ತತ್ವವಲ್ಲ, ಪರಿವೀಕ್ಷಣೆಯೇ ಇಲ್ಲದ ಕಾಗದದ ಷರತ್ತು. ಉದ್ಯಾನ ನಿರ್ವಹಣೆ, ವೃದ್ಧರ ಶುಶ್ರೂಷೆ, ಆಸ್ಪತ್ರೆಯಲ್ಲಿ ನೆರವು, ಸಂಚಾರ ಸ್ವಯಂಸೇವೆ ಎಂದು ನಿಯಮಗಳು ಸಮುದಾಯ ಸೇವೆಯನ್ನು ವಿವರಿಸುತ್ತವೆ. ಅಪಘಾತದ ಗಾಯಾಳುಗಳನ್ನು ಆರೈಕೆ ಮಾಡುವ ವಾರ್ಡಿನಲ್ಲಿ ತಿಂಗಳುಗಟ್ಟಲೆ, ಹೆಸರಿರುವ ಒಬ್ಬ ಅಧಿಕಾರಿಯ ಉಸ್ತುವಾರಿಯಲ್ಲಿ ದುಡಿಯಬೇಕೆಂದಿದ್ದರೆ ಯಾರೂ ನಗುತ್ತಿರಲಿಲ್ಲ. ಹಾಗೆ ಆದೇಶಿಸಲು ಸಹಕರಿಸುವ ಆಸ್ಪತ್ರೆ ಬೇಕು, ಉಸ್ತುವಾರಿ ನೋಡುವ ಸಿಬ್ಬಂದಿ ಬೇಕು, ತಪ್ಪಿದರೆ ಮಂಡಳಿಗೆ ವರದಿ ಮಾಡುವ ವ್ಯವಸ್ಥೆ ಬೇಕು. ಅವೆಲ್ಲ ಇಲ್ಲದ ಕಡೆ ಮಂಡಳಿಯ ಕೈಯಲ್ಲಿ ಉಳಿಯುವುದು ಎರಡೇ: ಪ್ರಬಂಧ ಅಥವಾ ಬೀಗ. ಪ್ರಬಂಧ ಹಣವಂತರ ಮಕ್ಕಳ ಪಾಲಿಗೂ, ಬೀಗ ಜಾಮೀನಿಗೆ ಆಳು ಸಿಗದ ಬಡವರ ಮಕ್ಕಳ ಪಾಲಿಗೂ ಬರುವುದನ್ನು ತಡೆಯುವ ಶಕ್ತಿ ಯಾವ ಕಠಿಣ ತಿದ್ದುಪಡಿಗೂ ಇಲ್ಲ.

ಇನ್ನೊಂದು ಅಸಮತೋಲನವನ್ನೂ ಗಮನಿಸಬೇಕು. 2019ರ ತಿದ್ದುಪಡಿಯ ನಂತರ ಪೋಕ್ಸೊ ಕಾಯ್ದೆಯ ಗಂಭೀರ ಸೆಕ್ಷನ್‌ಗಳಿಗೆ ಕನಿಷ್ಠ ಶಿಕ್ಷೆ ಹತ್ತು, ಇಪ್ಪತ್ತು ವರ್ಷಗಳಿಗೆ ಏರಿದೆ; ಅವೆಲ್ಲ ಬಾಲನ್ಯಾಯ ಕಾಯ್ದೆಯ ‘ಘೋರ ಅಪರಾಧ’ದ ವ್ಯಾಖ್ಯೆಯೊಳಗೆ ಬರುತ್ತವೆ. ಪರಸ್ಪರ ಒಲಿದು ಮನೆಬಿಟ್ಟ ಹದಿಹರೆಯದ ಜೋಡಿಯ ಹುಡುಗನೂ, ಬಲಾತ್ಕಾರ ಎಸಗಿದವನೂ ವಯಸ್ಕರಂತೆ ವಿಚಾರಿಸಬೇಕೇ ಎಂಬ ಪ್ರಾಥಮಿಕ ಮೌಲ್ಯಮಾಪನಕ್ಕೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 16 ದಾಟಿದವರ ಸಮ್ಮತಿಯ ಪ್ರಶ್ನೆಯನ್ನು ಮರುಪರಿಶೀಲಿಸುವ ಅಗತ್ಯವನ್ನು 2022ರಲ್ಲಿ ಕಾನೂನು ಆಯೋಗದ ಗಮನಕ್ಕೆ ತಂದದ್ದು ನಮ್ಮದೇ ಹೈಕೋರ್ಟಿನ ಧಾರವಾಡ ಪೀಠ. ಸಮ್ಮತಿಯ ವಯಸ್ಸನ್ನು ಇಳಿಸಕೂಡದೆಂದು ಆಯೋಗ ಮರುವರ್ಷ ಹೇಳಿತು. ಆ ವಾದದಲ್ಲಿ ಯಾರ ಪಕ್ಷ ಸರಿಯಾದರೂ, ಭಿನ್ನ ಸ್ವಭಾವದ ಮಕ್ಕಳನ್ನು ಬೇರ್ಪಡಿಸಿ ನೋಡಬಲ್ಲ ನುರಿತ ಕಣ್ಣುಗಳು ಕೆಳಹಂತದಲ್ಲಿ ಇರಲೇಬೇಕೆಂಬುದು ಅದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

ಸಂತ್ರಸ್ತರ ಪ್ರಶ್ನೆಯನ್ನು ಪಕ್ಕಕ್ಕಿರಿಸಿ ಈ ಚರ್ಚೆಯನ್ನು ಮುಗಿಸುವಂತಿಲ್ಲ. ಮಗಳನ್ನು ಕಳೆದುಕೊಂಡ ತಂದೆಗೆ, ಚಾಕುವಿನ ಗಾಯ ಹೊತ್ತ ವ್ಯಾಪಾರಿಗೆ, ಸರ ಕಿತ್ತ ರಭಸಕ್ಕೆ ನೆಲಕ್ಕುರುಳಿ ಸೊಂಟ ಮುರಿದುಕೊಂಡ ವೃದ್ಧೆಗೆ ಆರೋಪಿಯ ವಯಸ್ಸು ಸಮಾಧಾನ ತರುವುದಿಲ್ಲ, ತರಬೇಕೆಂದು ನಿರೀಕ್ಷಿಸುವುದು ಕ್ರೌರ್ಯವೇ ಸರಿ. ಆದರೆ ಅವರ ನೋವಿಗೆ ರಾಜ್ಯ ಸಲ್ಲಿಸಬಹುದಾದ ಪ್ರಾಮಾಣಿಕ ಗೌರವವೆಂದರೆ ಅದೇ ಕೈಯಿಂದ ಮತ್ತೊಬ್ಬರಿಗೆ ಅದೇ ನೋವು ತಟ್ಟದಂತೆ ನೋಡಿಕೊಳ್ಳುವುದು. ಶಿಕ್ಷೆ ಎಷ್ಟೇ ಕಠಿಣವಾಗಿದ್ದರೂ ಹದಿನೇಳರ ಹುಡುಗ ಒಂದು ದಿನ ಹೊರಬರುತ್ತಾನೆ, ದುಡಿಯುವ ವಯಸ್ಸಿನಲ್ಲೇ, ನಮ್ಮ ನಡುವೆಯೇ. ಆತ ಯಾವ ಮನಸ್ಸು, ಯಾವ ಕಸುಬು, ಯಾವ ಸಹವಾಸ ಹೊತ್ತು ಬರುತ್ತಾನೆ ಎಂಬುದು ಮುಂದಿನ ಸಂತ್ರಸ್ತರ ಭದ್ರತೆಯ ಪ್ರಶ್ನೆ. ಮೂರು ವರ್ಷ ವಾರವಾರವೂ ಲೆಕ್ಕ ಕೊಡುತ್ತ, ತಾನು ಕೆಡಿಸಿದ್ದನ್ನು ಕೈಲಾದಷ್ಟು ಸರಿಪಡಿಸುತ್ತ, ನೋಯಿಸಿದವರ ಅಳಲನ್ನು ಕಿವಿಯಾರೆ ಕೇಳುತ್ತ ಬದುಕುವುದು ಕೋಣೆಯೊಂದರಲ್ಲಿ ದಿನ ಎಣಿಸುವುದಕ್ಕಿಂತ ಸುಲಭವೆಂದು ತಿಳಿದವರು ಪರಿವೀಕ್ಷಣೆಯನ್ನು ಸರಿಯಾಗಿ ಅರಿತಿಲ್ಲ.

ಈ ವಾದ ಬರಿಯ ಸದಾಶಯದ ಮೇಲೆ ನಿಂತಿಲ್ಲ. ಹದಿಹರೆಯದಲ್ಲಿ ಅಡ್ಡದಾರಿ ಹಿಡಿದವರಲ್ಲಿ ಬಹುಪಾಲು ಮಂದಿ ಬಲಿತಂತೆ ತಾವಾಗಿ ಅದರಿಂದ ಹೊರಬರುತ್ತಾರೆ ಎಂಬುದು ಅಪರಾಧಶಾಸ್ತ್ರದಲ್ಲಿ ದೇಶದಿಂದ ದೇಶಕ್ಕೆ ದೃಢಪಟ್ಟ ಸಂಗತಿ. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ಸುಮಾರು 4,300 ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನವು, ಪೊಲೀಸ್ ಮತ್ತು ವಿಚಾರಣಾ ವ್ಯವಸ್ಥೆಯೊಳಗೆ ಹೆಚ್ಚೆಚ್ಚು ಸಿಲುಕಿದಷ್ಟೂ ಅಪರಾಧ ತ್ಯಜಿಸುವುದು ತಡವಾಗುತ್ತದೆಂದು ಕಂಡುಕೊಂಡಿತು. ನ್ಯೂಜಿಲೆಂಡ್ 1989ರಲ್ಲೇ ಮಾವೊರಿ ಸಮುದಾಯದ ಪರಂಪರೆಗೆ ಮನ್ನಣೆಯಿತ್ತು, ಹುಡುಗನ ಕುಟುಂಬವನ್ನೂ ಹಾನಿಗೊಳಗಾದವರನ್ನೂ ಒಂದೇ ಸಭೆಯಲ್ಲಿ ಕೂರಿಸಿ ಪರಿಹಾರ ಕಂಡುಕೊಳ್ಳುವ ಪದ್ಧತಿಯನ್ನು ಕಾನೂನಿನೊಳಗೆ ತಂದಿತು. ನಮ್ಮಲ್ಲಿ ಪರಿಣತಿಯ ಬರವೂ ಇಲ್ಲ. ಮಕ್ಕಳ ಮನೋವೈದ್ಯಕೀಯದಲ್ಲಿ ದೇಶಕ್ಕೇ ಮಾರ್ಗದರ್ಶಿಯಾದ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಅದು ನಡೆಸುವ ‘ಸಂವಾದ್’ ಕಾರ್ಯಕ್ರಮ ಬಾಲನ್ಯಾಯ ಕ್ಷೇತ್ರದ ಸಿಬ್ಬಂದಿಗೆ ತರಬೇತಿ ನೀಡುತ್ತದೆ. ಮಕ್ಕಳ ಗ್ರಾಮಸಭೆಯ ಪರಿಪಾಠ ಕರ್ನಾಟಕದಲ್ಲಿ ಬೇರೂರಿದೆ. ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ, ತಾಲ್ಲೂಕುಗಳಲ್ಲಿ ಐಟಿಐಗಳಿವೆ, ಶಾಲೆಗಳಲ್ಲಿ ಎಸ್‌ಡಿಎಂಸಿಗಳಿವೆ. ಇವನ್ನೆಲ್ಲ ಒಂದು ಮಗುವಿನ ಸುತ್ತ ಜೋಡಿಸುವ ಕೆಲಸವನ್ನು ಯಾರ ಕರ್ತವ್ಯಪಟ್ಟಿಯಲ್ಲೂ ಬರೆದಿಲ್ಲ, ಕೊರತೆ ಇರುವುದು ಅಲ್ಲಿ.

ಸಮುದಾಯವೆಂದರೆ ಯಾರೂ ಅಲ್ಲದ ಎಲ್ಲರೂ ಎಂಬಂತಾಗಬಾರದು. ವರ್ಗಾವಣೆ ಪತ್ರ ಕೊಟ್ಟು ಕೈತೊಳೆದುಕೊಂಡ ಮುಖ್ಯೋಪಾಧ್ಯಾಯರು ಸಮುದಾಯ; ಹಿಂದಿನ ಪ್ರಕರಣ ಕೆದಕಿ ಕೆಲಸ ನಿರಾಕರಿಸುವ ಮಾಲೀಕರು ಸಮುದಾಯ; ಮಗುವಿನ ತಪ್ಪು ಭವಿಷ್ಯಕ್ಕೆ ಅನರ್ಹತೆಯಾಗಕೂಡದು, ದಾಖಲೆಗಳು ಅಳಿಯಬೇಕು ಎಂಬ ಇಪ್ಪತ್ನಾಲ್ಕನೆಯ ಸೆಕ್ಷನ್ ಇದ್ದೂ ಹಳೆಯ ಫೋಟೊವನ್ನು ಠಾಣೆಯ ಮೊಬೈಲುಗಳಲ್ಲಿ ಉಳಿಸಿಕೊಳ್ಳುವವರು ಸಮುದಾಯ; ವೀಲಿಂಗ್ ಮಾಡುವ ಮಗನಿಗೆ ಬೈಕಿನ ಕೀಲಿ ಕೊಟ್ಟು, 25,000 ರೂಪಾಯಿ ದಂಡ ಬಿದ್ದಾಗ ಪೊಲೀಸರನ್ನು ಶಪಿಸುವ ತಂದೆ ಸಮುದಾಯ. ಗುರುತು ಬಹಿರಂಗಪಡಿಸಕೂಡದೆಂಬ ಎಪ್ಪತ್ನಾಲ್ಕನೆಯ ಸೆಕ್ಷನ್ ಪಾಲಿಸಿದೆವೆಂದು ಹೆಸರು ಮರೆಮಾಚಿ, ಓಣಿ, ಶಾಲೆ, ತಂದೆಯ ಕಸುಬುಗಳನ್ನು ಸವಿಸ್ತಾರವಾಗಿ ಹೇಳುವ ಮಾಧ್ಯಮಗಳೂ ಅದೇ ಸಮುದಾಯ. ಇವರೆಲ್ಲರೂ ತಮ್ಮ ತಮ್ಮ ಬಾಗಿಲನ್ನು ಮುಚ್ಚಿಕೊಂಡ ಮೇಲೆ, ತೆರೆದ ಬಾಗಿಲೊಂದನ್ನು ಹುಡುಕಿಕೊಂಡ ಹುಡುಗನ ಮೇಲೆ ಮಾತ್ರ ಇಡೀ ದೋಷ ಹೊರಿಸುವುದು ಅರ್ಧಸತ್ಯ.

ರಾಜ್ಯ ಸರ್ಕಾರದ ಮುಂದಿರುವ ಕರ್ತವ್ಯಗಳು ದುಬಾರಿಯೂ ಅಲ್ಲ, ಅಪರಿಚಿತವೂ ಅಲ್ಲ. ಪರಿವೀಕ್ಷಣಾಧಿಕಾರಿಗಳನ್ನು ಕಾಯಂ ಹುದ್ದೆಯಲ್ಲಿ ನೇಮಿಸಿ, ಒಬ್ಬರ ಪಾಲಿಗೆ ಎಷ್ಟು ಮಕ್ಕಳು ಎಂಬ ಮಿತಿಯನ್ನು ಬರಹದಲ್ಲಿ ನಿಗದಿಪಡಿಸಬೇಕು. ನಿವೃತ್ತ ಶಿಕ್ಷಕರು, ಕುಶಲಕರ್ಮಿಗಳು, ಕ್ರೀಡಾ ತರಬೇತುದಾರರು, ಸ್ವಸಹಾಯ ಸಂಘದ ಮಹಿಳೆಯರ ಪೈಕಿ ಹಿನ್ನೆಲೆ ಪರಿಶೀಲಿಸಿ, ತರಬೇತಿ ನೀಡಿ, ಕಾಯ್ದೆ ಹೇಳುವ ‘ಯೋಗ್ಯ ವ್ಯಕ್ತಿ’ಗಳ ಪಟ್ಟಿಯನ್ನು ಪ್ರತಿ ತಾಲ್ಲೂಕಿಗೂ ಪ್ರತಿ ವಾರ್ಡಿಗೂ ಸಿದ್ಧಪಡಿಸಬೇಕು. ಸಮುದಾಯ ಸೇವೆಗೆ ಮಕ್ಕಳನ್ನು ಸ್ವೀಕರಿಸುವ ಆಸ್ಪತ್ರೆ, ವೃದ್ಧಾಶ್ರಮ, ಗ್ರಂಥಾಲಯಗಳೊಂದಿಗೆ ಲಿಖಿತ ಒಡಂಬಡಿಕೆ ಇರಬೇಕು. ವ್ಯಸನಮುಕ್ತಿಗೆ ಹದಿಹರೆಯದವರಿಗೇ ಮೀಸಲಾದ ಸೌಲಭ್ಯ ಜಿಲ್ಲಾ ಮಟ್ಟದಲ್ಲಿ ಬೇಕು. ಎಲ್ಲಕ್ಕೂ ಮಿಗಿಲಾಗಿ, ಮಂಡಳಿಯ ಆದೇಶದ ಮೂರು ವರ್ಷಗಳ ನಂತರ ಎಷ್ಟು ಮಕ್ಕಳು ಓದುತ್ತಿದ್ದಾರೆ, ಎಷ್ಟು ಮಂದಿ ದುಡಿಯುತ್ತಿದ್ದಾರೆ, ಎಷ್ಟು ಮಂದಿ ಮತ್ತೆ ಪ್ರಕರಣಗಳಲ್ಲಿ ಸಿಲುಕಿದ್ದಾರೆ ಎಂಬ ಲೆಕ್ಕ, ಯಾರ ಗುರುತೂ ಬಯಲಾಗದಂತೆ, ಪ್ರತಿ ವರ್ಷ ವಿಧಾನಮಂಡಲದ ಮುಂದೆ ಬರಬೇಕು. ಲೆಕ್ಕವಿಲ್ಲದೆಡೆ ಹೊಣೆಯೂ ಇರುವುದಿಲ್ಲ.

ವಯೋಮಿತಿಯನ್ನು ಇನ್ನೂ ಇಳಿಸಬೇಕೆಂಬ ಕೂಗು ಮತ್ತೆ ಏಳುತ್ತದೆ. ಯಾವುದೋ ಊರಿನ ಯಾವುದೋ ದುರಂತ ಅದಕ್ಕೆ ನಿಮಿತ್ತವಾಗುತ್ತದೆ. ಆಗ ಸರ್ಕಾರವನ್ನು ಮೊದಲು ಕೇಳಬೇಕಾದುದು ಆ ಹುಡುಗನ ವಯಸ್ಸನ್ನಲ್ಲ. ಆತ ಈ ಹಿಂದೆ ವ್ಯವಸ್ಥೆಯ ಕೈಗೆ ಬಂದಿದ್ದನೇ, ಬಂದಿದ್ದರೆ ಅವನ ಆರೈಕೆ ಯೋಜನೆಯನ್ನು ಬರೆದವರು ಯಾರು, ಅದರಲ್ಲಿ ಏನಿತ್ತು, ಅದನ್ನು ಯಾರು ನಡೆಸಿಕೊಟ್ಟರು ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ಉತ್ತರಿಸಲಾರದ ಆಡಳಿತಕ್ಕೆ ಹೊಸ ಕಠಿಣ ಕಾನೂನನ್ನು ಕೇಳುವ ನೈತಿಕ ಅಧಿಕಾರವಿಲ್ಲ. ಇರುವ ಕಾನೂನನ್ನು ವಿಫಲವೆನ್ನುವ ಅಧಿಕಾರವಂತೂ ಮೊದಲೇ ಇಲ್ಲ. ಮಕ್ಕಳು ಮಾಡಿದ ತಪ್ಪಿಗೆ ಮಕ್ಕಳು ಉತ್ತರಿಸಬೇಕು, ಅದರಲ್ಲಿ ವಿನಾಯಿತಿಯಿಲ್ಲ. ಅವರನ್ನು ತಿದ್ದುತ್ತೇವೆಂದು ಶಾಸನಬದ್ಧವಾಗಿ ವಚನವಿತ್ತು ಸುಮ್ಮನೆ ಕುಳಿತ ಹಿರಿಯರೂ ಅಷ್ಟೇ ಸ್ಪಷ್ಟವಾಗಿ ತಮ್ಮ ತಪ್ಪಿಗೆ ಉತ್ತರಿಸಬೇಕು.